ಹಿತ್ತಲ ಗುಡ್ಡದ ಹಿಮಶಾಲೆ

ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದಲ್ಲಿ, ವಿನೂಸ್ಕಿ ನದಿಯ ದಂಡೆಯ ಮೇಲೆ ರಿಚ್ಮಂಡ್ ಎಂಬ ಪುಟ್ಟ ಊರಿದೆ. 1813ರಲ್ಲಿ ಕಟ್ಟಿದ ಹದಿನಾರು ಮುಖಗಳ ದುಂಡು ಚರ್ಚು ಈ ಊರಿನ ಗುರುತು. ಅದನ್ನು ದಾಟಿ ನದಿಗುಂಟ ಸಾಗುವ ದಾರಿಗೆ ಕಾಕ್ರನ್ ರಸ್ತೆ ಎಂದು ಹೆಸರು. ಆ ಹೆಸರಿನ ಕುಟುಂಬದ ಮನೆ ಹಿಂದಿನ ಗುಡ್ಡದಲ್ಲೇ ಅಮೆರಿಕದ ಸ್ಕೀಯಿಂಗ್ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ನಡೆದಿದೆ. ಬುಡದಿಂದ ತುದಿಗೆ ಸುಮಾರು 100 ಮೀಟರ್ ಎತ್ತರ, ಅಷ್ಟೇ. ಇಲ್ಲಿಂದ ಹೆಚ್ಚು ದೂರವಿಲ್ಲದ ಸ್ಟೋ ಎಂಬ ಸ್ಕೀ ತಾಣದಲ್ಲಿ ಒಂದೇ ಓಟಕ್ಕೆ 700 ಮೀಟರಿನಷ್ಟು ಕೆಳಗಿಳಿಯಬಹುದು. ಆದರೂ ಈ ಗುಡ್ಡ ಒಲಿಂಪಿಕ್ ಚಿನ್ನ, ಬೆಳ್ಳಿ ಮತ್ತು ಎರಡು ತಲೆಮಾರು ರಾಷ್ಟ್ರೀಯ ತಂಡದ ಆಟಗಾರರನ್ನು ಕೊಟ್ಟಿದೆ.

ಮಿಕ್ಕಿ ಕಾಕ್ರನ್ ಬರ್ಲಿಂಗ್ಟನ್ನಿನ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ ಎಂಜಿನಿಯರ್. ಅವರೂ ಪತ್ನಿ ಜಿನ್ನಿಯೂ ಸ್ಕೀಯಿಂಗ್ ಪ್ರಿಯರು. ನಾಲ್ಕು ಮಕ್ಕಳು: ಮೆರಿಲಿನ್, ಬಾರ್ಬರಾ ಆನ್, ಬಾಬ್, ಲಿಂಡಿ. ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ದಿನವೂ ಹಿಮ ಸಿಗಬೇಕು, ಅದಕ್ಕಾಗಿ ದೂರದ ಬೆಟ್ಟಕ್ಕೆ ಓಡಾಡುವಂತಾಗಬಾರದು. ಇದು ದಂಪತಿಯ ಲೆಕ್ಕಾಚಾರ. ಹಿಂದೆ ಗುಡ್ಡವಿರುವ ಮನೆಯನ್ನೇ ಹುಡುಕಿ ಕೊಂಡರು. 1961ರಲ್ಲಿ ಗುಡ್ಡಕ್ಕೊಂದು ಎಳೆಯುವ ಹಗ್ಗ ಹಾಕಿದರು, ಆಮೇಲೆ ದೀಪ ಹಾಕಿದರು. ಅಕ್ಕಪಕ್ಕದ ಮಕ್ಕಳು ನಾವೂ ಬರಬಹುದಾ ಎಂದು ಕೇಳಿಕೊಂಡು ಬಂದರು. ಬಂದವರಿಗೆ ಜಿನ್ನಿ ಕಲಿಸಿದರು. ಮೊದಮೊದಲು ಅವರ ಅಡುಗೆಮನೆಯೇ ಎಲ್ಲರೂ ಕೈ ಕಾಯಿಸಿಕೊಳ್ಳುವ ಜಾಗವಾಗಿತ್ತು. ನಮ್ಮೂರುಗಳ ಗರಡಿಮನೆ ಕಂಡವರಿಗೆ ಈ ಏರ್ಪಾಡು ಹೊಸದೆನಿಸದು. ಜಾಗ ಚಿಕ್ಕದು, ಉಸ್ತಾದರು ಮನೆಯವರೇ, ಊರ ಹುಡುಗರೆಲ್ಲ ಅಲ್ಲಿನವರೇ.

ನಾನು ಈ ಗುಡ್ಡವನ್ನು ನೋಡಿದ್ದು ಫೆಬ್ರುವರಿಯ ಒಂದು ಶನಿವಾರ ಬೆಳಿಗ್ಗೆ. ಬರ್ಲಿಂಗ್ಟನ್ ಬಳಿ ಕೆಲಸದಲ್ಲಿರುವ ಅಕ್ಕನ ಮಗ ತನ್ನ ಮಗಳನ್ನು ವಾರವಾರವೂ ಇಲ್ಲಿಗೆ ಕರೆತರುತ್ತಾನೆ. ಲಿಫ್ಟ್ ಶುರುವಾಗುವ ಮೊದಲೇ ತಲುಪಿದ್ದೆವು. ರಾತ್ರಿ ಯಂತ್ರ ಓಡಿಸಿ ಹದ ಮಾಡಿದ ಹಿಮದ ಮೇಲೆ ಇನ್ನೂ ಯಾರೂ ಇಳಿದಿರಲಿಲ್ಲ. ಹೊರಗೆ ಮೂಗಿನ ತುದಿ ಮರಗಟ್ಟುವ ಚಳಿ. ಒಳಗೆ ಬೆಂಚುಗಳ ಮೇಲೆ ಅಪ್ಪ ಅಮ್ಮಂದಿರು ಮಂಡಿಯೂರಿ ಮಕ್ಕಳ ಬೂಟಿನ ಬಕಲ್ ಬಿಗಿಯುತ್ತಿದ್ದರು. ಸ್ಕೀ ಬೂಟು ಮೆತ್ತಗಿರುವುದಿಲ್ಲ. ಗಡಸು ಪ್ಲಾಸ್ಟಿಕ್ಕಿನ ಅದನ್ನು ಕಾಲಿಗೇರಿಸುವುದೇ ಒಂದು ಸಾಹಸ. ಒಂದು ಮಗುವಿನ ಬೂಟು ಹಾಕಿ ಮುಗಿಸುವಷ್ಟರಲ್ಲಿ ಇನ್ನೊಂದು ಮಗು ಕೈಗವಸು ಕಳಚಿರುತ್ತಿತ್ತು. ದೊಡ್ಡ ರೆಸಾರ್ಟ್‌ಗಳಲ್ಲಿ ಇದನ್ನೆಲ್ಲ ಸಿಬ್ಬಂದಿ ನೋಡಿಕೊಳ್ಳುತ್ತಾರೆ. ಇಲ್ಲಿ ಯಾರದೋ ಮಗುವಿನ ಬಕಲ್ಲನ್ನು ಇನ್ಯಾರೋ ಹಾಕುತ್ತಾರೆ.

ಗುಡ್ಡದ ಜೀವ ಇರುವುದು ಹಗ್ಗದಲ್ಲಿ. ಮೇಲೊಂದು ಗಾಲಿ, ಕೆಳಗೊಂದು ಗಾಲಿ. ನಡುವೆ ದಪ್ಪ ಹಗ್ಗ ನಿಲ್ಲದೆ ಸುತ್ತುತ್ತಿರುತ್ತದೆ. ಸ್ಕೀ ಕಟ್ಟಿದವರು ಪಕ್ಕಕ್ಕೆ ಬಂದು ಹಗ್ಗ ಹಿಡಿದರೆ ಅದು ಅವರನ್ನು ನಿಂತ ಭಂಗಿಯಲ್ಲೇ ಮೇಲಕ್ಕೆ ಎಳೆದೊಯ್ಯುತ್ತದೆ. ಅಮೆರಿಕದಲ್ಲಿ ಇಂಥ ಹಗ್ಗ ಮೊದಲು ಓಡಿದ್ದೂ ಇದೇ ವರ್ಮಾಂಟಿನಲ್ಲಿ. 1934ರಲ್ಲಿ, ವುಡ್‌ಸ್ಟಾಕ್ ಊರಿನ ರೈತರೊಬ್ಬರ ಗುಡ್ಡದಲ್ಲಿ, ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್ ಬಲದಿಂದ. ಅಲ್ಲಿಯವರೆಗೆ ಒಂದು ಸಲ ಇಳಿಯಬೇಕಾದರೆ ಅಷ್ಟೂ ಎತ್ತರವನ್ನು ಹತ್ತಿಯೇ ಬರಬೇಕಿತ್ತು.

ನೋಡಲು ಸುಲಭ, ಹಿಡಿಯುವುದು ಕಷ್ಟ. ಹಗ್ಗದ ಪಕ್ಕ ನಿಂತಿದ್ದ ನನಗೆ ಅಕ್ಕನ ಮೊಮ್ಮಗಳು ಗಂಭೀರವಾಗಿ ಪಾಠ ಹೇಳಿದಳು. "ಅಜ್ಜಾ, ಹಗ್ಗಾನ ಒಂದೇ ಸಲ ಗಟ್ಟಿಯಾಗಿ ಹಿಡೀಬಾರ್ದು. ಕೈಯಲ್ಲಿ ಜಾರಕ್ಕೆ ಬಿಡಬೇಕು. ಆಮೇಲೆ ಮೆಲ್ಲಗೆ, ಮೆಲ್ಲಗೆ..." ಎನ್ನುತ್ತಲೇ ಮುಷ್ಟಿ ಬಿಗಿಸಿದಳು. ಹಗ್ಗ ಅವಳನ್ನು ಹೊತ್ತುಕೊಂಡು ಹೋಯಿತು. ಅವಳ ಮಾತು ಅಕ್ಷರಶಃ ನಿಜ. ಓಡುವ ಹಗ್ಗವನ್ನು ಫಕ್ಕನೆ ಹಿಡಿದವರ ತೋಳು ಮೊದಲು ಹೋಗುತ್ತದೆ, ಕಾಲು ಹಿಂದೆ ಉಳಿಯುತ್ತದೆ. ಹಗ್ಗವನ್ನು ಅಂಗೈಯಲ್ಲಿ ಜಾರಲು ಬಿಟ್ಟು, ಹಂತಹಂತವಾಗಿ ಬಿಗಿ ಮಾಡಿ, ಮೈಗೆ ಹಗ್ಗದ ವೇಗ ಬಂದ ಮೇಲೆ ಪೂರ್ತಿ ಹಿಡಿಯಬೇಕು. ಈ ಉಜ್ಜಾಟಕ್ಕೆ ಉಣ್ಣೆಯ ಕೈಗವಸು ಬೇಗ ಹರಿಯುತ್ತದೆ, ಆದ್ದರಿಂದ ತಿಳಿದವರು ತೊಗಲಿನದನ್ನು ಹಾಕಿಕೊಂಡು ಬರುತ್ತಾರೆ. ಮೇಲೇರುವಾಗಲೂ ಸ್ಕೀಗಳು ಹಿಮದ ಮೇಲೇ ಇರುವುದರಿಂದ ಮೊಣಕಾಲು ಮಡಿಸಿ, ಸಮತೋಲ ಕಾಯ್ದುಕೊಂಡೇ ಸಾಗಬೇಕು. ಕುರ್ಚಿ ಲಿಫ್ಟಿನಲ್ಲಿ ಕೂತು ಹೋಗುವವರಿಗೆ ಸಿಗುವ ವಿರಾಮ ಇಲ್ಲಿನವರಿಗೆ ಸಿಗುವುದಿಲ್ಲ. ಆದರೆ ಹತ್ತುವುದೂ ಕಲಿಕೆಯೇ ಆಗುತ್ತದೆ.

ಚಿಕ್ಕ ಗುಡ್ಡದ ದೊಡ್ಡ ಗುಟ್ಟು ಇಲ್ಲೇ ಇದೆ. ಇಳಿಯಲು ಒಂದು ನಿಮಿಷವೂ ಬೇಡ, ಮೇಲೇರಲು ಅಷ್ಟೇನೂ ಹೊತ್ತಾಗುವುದಿಲ್ಲ. ಅದೇ ಇಳಿಜಾರು, ಅದೇ ತಿರುವು, ತಪ್ಪಿದರೆ ಮತ್ತೊಮ್ಮೆ. ಸ್ಲಾಲಮ್ ಎಂಬ ಸ್ಪರ್ಧೆ ಬೇಡುವುದೂ ಇದನ್ನೇ. ಒತ್ತೊತ್ತಾಗಿ ನೆಟ್ಟ ಕಂಬಗಳ ನಡುವೆ ಸ್ಕೀಯ ಉಕ್ಕಿನ ಅಂಚನ್ನು ಹಿಮಕ್ಕೆ ಊರಿ, ಬಿಡಿಸಿ, ಮತ್ತೆ ಇನ್ನೊಂದು ಬದಿಗೆ ಊರುತ್ತಾ ಇಳಿಯಬೇಕು. ಅದಕ್ಕೆ ಬೆಟ್ಟದ ಎತ್ತರಕ್ಕಿಂತ ತಿರುವುಗಳ ಸಂಖ್ಯೆ ಮುಖ್ಯ. ದೊಡ್ಡ ಬೆಟ್ಟಕ್ಕೆ ಹೋದ ಮಗು ಬೆಳಗಿನ ಅರ್ಧ ಭಾಗವನ್ನು ಲಿಫ್ಟಿನ ಸಾಲಿನಲ್ಲೂ ಕುರ್ಚಿಯ ಮೇಲೂ ಕಳೆಯುತ್ತದೆ. ಇಲ್ಲಿನ ಮಗು ಅಷ್ಟರಲ್ಲಿ ನೂರಾರು ತಿರುವು ತಿರುಗಿರುತ್ತದೆ.

ಇದು ರಿಚ್ಮಂಡಿಗೆ ಮಾತ್ರ ಸೇರಿದ ಮಾತಲ್ಲ. ಅಮೆರಿಕದ ಪ್ರಸಿದ್ಧ ಸ್ಕೀ ಆಟಗಾರ್ತಿ ಲಿಂಡ್ಸೆ ವಾನ್ ಬಾಲ್ಯದಲ್ಲಿ ಪಳಗಿದ್ದು ಮಿನೆಸೋಟಾದ ಬಕ್ ಹಿಲ್ಲಿನಲ್ಲಿ, ಆಸ್ಟ್ರಿಯಾ ಮೂಲದ ಎರಿಚ್ ಸೈಲರ್ ಎಂಬ ಗುರುವಿನ ಕೈಯಲ್ಲಿ. ಆ ಗುಡ್ಡ ಕಾಕ್ರನ್ ಗುಡ್ಡಕ್ಕಿಂತಲೂ ಕುಳ್ಳು. ಬೆಟ್ಟ ದೊಡ್ಡದಾದಷ್ಟೂ ಆಟಗಾರ ದೊಡ್ಡವನಾಗುತ್ತಾನೆ ಎಂಬ ನಂಬಿಕೆ ಸುಳ್ಳೆಂದು ನಾನು ಧೈರ್ಯವಾಗಿ ಹೇಳುವುದು ಇಂಥ ಸಾಕ್ಷಿಗಳನ್ನು ನೋಡಿಯೇ.

ಕಾಕ್ರನ್ ಮಕ್ಕಳಲ್ಲಿ ಮೆರಿಲಿನ್ 1969ರಲ್ಲಿ ಜೈಂಟ್ ಸ್ಲಾಲಮ್ ವಿಭಾಗದ ವಿಶ್ವಕಪ್ ಗೆದ್ದರು. 1972ರ ಸಪ್ಪೋರೊ ಒಲಿಂಪಿಕ್ಸ್‌ಗೆ ಕಾಕ್ರನ್ ಮನೆಯಿಂದ ಮೂವರು ಹೋದರು. ಫೆಬ್ರುವರಿ 11ರಂದು ಮಹಿಳೆಯರ ಸ್ಲಾಲಮ್. ಎರಡು ಓಟಗಳ ಸಮಯ ಕೂಡಿ ಫಲಿತಾಂಶ. ಇಪ್ಪತ್ತೊಂದರ ಹರೆಯದ ಬಾರ್ಬರಾ ಆನ್ ತೆಗೆದುಕೊಂಡ ಸಮಯ 91.24 ಸೆಕೆಂಡು. ಎರಡನೆಯವರಾದ ಫ್ರಾನ್ಸಿನ ಡ್ಯಾನಿಯೆಲ್ ಡೆಬರ್ನಾರ್ 91.26. ಒಂದು ಸೆಕೆಂಡಿನ ನೂರನೇ ಎರಡು ಭಾಗದ ಅಂತರ!

ಆ ಅಂತರದ ಬೇರು ಹಿತ್ತಲ ಗುಡ್ಡದಲ್ಲಿದೆ. ಸ್ಪರ್ಧಿ ಹೊರಡುವ ಜಾಗದಲ್ಲಿ ಕಾಲಿಗೆ ಅಡ್ಡವಾಗಿ ಒಂದು ಸಣ್ಣ ಕೋಲಿರುತ್ತದೆ. ಕಾಲು ತಾಗಿ ಅದು ಸರಿದ ಗಳಿಗೆಗೆ ಗಡಿಯಾರ ಶುರು. ಕೋಲಿಗೆ ಕಾಲು ತಾಕುವ ಮೊದಲೇ ಊರುಗೋಲುಗಳ ಮೇಲೆ ಭಾರ ಹಾಕಿ ಇಡೀ ಮೈಯನ್ನು ಮುಂದಕ್ಕೆ ಎಸೆದರೆ, ಗಡಿಯಾರ ಓಡತೊಡಗುವಾಗ ದೇಹಕ್ಕೆ ಆಗಲೇ ವೇಗ ಬಂದಿರುತ್ತದೆ. ಎಂಜಿನಿಯರ್ ಮಿಕ್ಕಿ ಈ ಹೊರಡುವ ಗಳಿಗೆಗೆ ವಿಶೇಷ ಒತ್ತು ಕೊಟ್ಟು ಮಕ್ಕಳನ್ನು ತಿದ್ದಿದ್ದರು. ಸಪ್ಪೋರೊದಲ್ಲಿ ಮಗಳು ಹೊರಡುವಾಗಲೇ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಸಿಕೊಂಡರೆಂದು ಹೇಳುತ್ತಾರೆ. ಗೆದ್ದದ್ದು ಅದಕ್ಕಿಂತಲೂ ಕಡಿಮೆ ಅಂತರದಲ್ಲಿ. ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಅಮೆರಿಕಕ್ಕೆ ಇಪ್ಪತ್ತು ವರ್ಷಗಳ ಬಳಿಕ ಬಂದ ಚಿನ್ನ ಅದು. ಹಿಂದಿನದನ್ನು 1952ರಲ್ಲಿ ಓಸ್ಲೋದಲ್ಲಿ ಗೆದ್ದಿದ್ದ ಆಂಡ್ರಿಯಾ ಮೀಡ್ ಲಾರೆನ್ಸ್ ಕೂಡ ವರ್ಮಾಂಟಿನವರು, ಪೀಕೊ ಎಂಬ ಬೆಟ್ಟದಲ್ಲಿ ಸ್ಕೀ ತಾಣ ಕಟ್ಟಿದ ದಂಪತಿಯ ಮಗಳು.

ಸಪ್ಪೋರೊ ನಡೆದು ಐವತ್ತು ವರ್ಷಕ್ಕೆ, 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬಾರ್ಬರಾ ಆನ್ ಮಗ ರಯಾನ್ ಕಾಕ್ರನ್-ಸೀಗಲ್ ಸೂಪರ್-ಜಿ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. ಚಿನ್ನ ತಪ್ಪಿದ್ದು 0.04 ಸೆಕೆಂಡಿಗೆ. ಅದೇ ಕೂಟದಲ್ಲಿ ಭಾರತದಿಂದ ಹೋಗಿದ್ದ ಏಕೈಕ ಸ್ಪರ್ಧಿ ಕಾಶ್ಮೀರದ ಆರಿಫ್ ಖಾನ್ ಜೈಂಟ್ ಸ್ಲಾಲಮ್‌ನಲ್ಲಿ 45ನೆಯವರಾಗಿ ಓಟ ಮುಗಿಸಿದರು. ಗುಲ್ಮಾರ್ಗ್ ಬಳಿ ಅವರ ತಂದೆಯದು ಸ್ಕೀ ಸಾಮಾನಿನ ಅಂಗಡಿ, ಮಗನಿಗೆ ಎಳವೆಯಲ್ಲೇ ಸ್ಕೀ ಕಟ್ಟಿದವರೂ ಅವರೇ. ಪದಕದ ಲೆಕ್ಕದಲ್ಲಿ ಇಬ್ಬರಿಗೂ ಬಹು ಅಂತರವಿದೆ, ಆದರೆ ಶುರುವಾದ ಬಗೆ ಒಂದೇ.

ಪದಕಗಳ ಕತೆ ಹೇಳಿದಷ್ಟೂ ಗುಡ್ಡದ ನಿಜವಾದ ಕೆಲಸ ಮರೆಯಾಗುವ ಅಪಾಯವಿದೆ. ಇಲ್ಲಿ ಇಳಿಯುವ ಮಕ್ಕಳಲ್ಲಿ ಬಹುಪಾಲು ಮಂದಿ ಯಾವ ತಂಡಕ್ಕೂ ಸೇರುವುದಿಲ್ಲ. ಅವರಿಗಾಗಿಯೇ ಈ ಜಾಗ 1998ರಲ್ಲಿ ಲಾಭರಹಿತ ಸಂಸ್ಥೆಯಾಯಿತು. ಮಿಕ್ಕಿ ತೀರಿಕೊಂಡದ್ದೂ ಅದೇ ವರ್ಷ. ಕೈಯಲ್ಲಿ ದುಡ್ಡಿಲ್ಲವೆಂಬ ಕಾರಣಕ್ಕೆ ಯಾವ ಮಗುವೂ ಹಿಂದಿರುಗಬಾರದೆಂಬುದು ಸಂಸ್ಥೆಯ ಮೂಲ ನಿಯಮ. ದೊಡ್ಡ ರೆಸಾರ್ಟುಗಳ ಕೌಂಟರಿನಲ್ಲಿ ಒಂದು ದಿನದ ಟಿಕೆಟ್ 150 ಡಾಲರ್ ದಾಟುವ ಕಾಲದಲ್ಲಿ ಈ ನಿಯಮದ ತೂಕ ತಿಳಿಯುತ್ತದೆ.

ಬಾರ್ಬರಾ ಆನ್ ರೂಪಿಸಿದ ಪುಟಾಣಿಗಳ ತರಗತಿಯನ್ನು ಸ್ವಲ್ಪ ಹೊತ್ತು ನೋಡಿದೆ. ಅಲ್ಲಿ ಪಾಠ ಮಗುವಿಗಷ್ಟೇ ಅಲ್ಲ, ಮಗುವಿಗೆ ಹೇಗೆ ಕಲಿಸಬೇಕೆಂದು ಅಪ್ಪ ಅಮ್ಮಂದಿರಿಗೂ ಹೌದು. ಸ್ಕೀಗಳ ಮುಂದಿನ ತುದಿ ಕೂಡಿಸಿ, ಹಿಂದಿನದನ್ನು ಅಗಲಿಸಿದರೆ ವೇಗ ತಗ್ಗುತ್ತದೆ. ಆ ಭಂಗಿಗೆ ಮಕ್ಕಳ ಭಾಷೆಯಲ್ಲಿ 'ಪಿಜ್ಜಾ'. ಎರಡನ್ನೂ ಸಮವಾಗಿಟ್ಟು ಜಾರಿದರೆ 'ಫ್ರೆಂಚ್ ಫ್ರೈಸ್'. ನಮ್ಮ ಹುಡುಗ ಮಗಳ ಹಿಂದೆ ಇಳಿಯುತ್ತಾ "ಪಿಜ್ಜಾ ಮಾಡು ಪುಟ್ಟಾ, ಇನ್ನೂ ಅಗಲ!" ಎಂದು ಕೂಗುತ್ತಿದ್ದ. ಅವಳು ನಿಂತಳು. ಅವನು ನಿಲ್ಲಲಾಗದೆ ಅವಳನ್ನು ದಾಟಿ ಹೋದ.

ಮುಂದಿನ ದಿನಗಳು ಸಲೀಸಾಗಿಲ್ಲ. ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಒಂದು ಕಾಲಕ್ಕೆ ಊರೂರಿಗೂ ಹಗ್ಗದ ಗುಡ್ಡಗಳಿದ್ದವು, ಅವುಗಳಲ್ಲಿ ನೂರಾರು ಮುಚ್ಚಿಹೋಗಿ ಕಾಡು ಬೆಳೆದಿದೆ. ಚಳಿಗಾಲ ಬೆಚ್ಚಗಾಗುತ್ತಿದೆ. ಕಣಿವೆಯ ತಗ್ಗಿನಲ್ಲಿರುವ ಗುಡ್ಡಕ್ಕೆ ಬೀಳುವ ಹಿಮವನ್ನಷ್ಟೇ ನಂಬಿ ಕೂರುವಂತಿಲ್ಲ. ನೀರನ್ನೂ ಒತ್ತಿದ ಗಾಳಿಯನ್ನೂ ಕೂಡಿಸಿ ಚಿಮ್ಮುವ ಯಂತ್ರಗಳಿವೆ, ಆದರೆ ಅವಕ್ಕೂ ಶೂನ್ಯಕ್ಕಿಂತ ಕೆಳಗಿನ ಚಳಿಯೇ ಬೇಕು. ಸಿಕ್ಕ ಚಳಿಯ ರಾತ್ರಿಗಳನ್ನೆಲ್ಲ ಬಳಸಿಕೊಂಡು ಹಿಮ ಕೂಡಿಹಾಕಬೇಕಾಗಿದೆ. ಈ ಖರ್ಚಿಗೆ ದಾನಿಗಳೂ ಊರವರ ಬಿಟ್ಟಿ ದುಡಿಮೆಯೂ ಆಧಾರ. ಇಂಥ ಗುಡ್ಡ ಮುಚ್ಚಿದರೆ ರೆಸಾರ್ಟುಗಳು ಉಳಿದಾವು, ಆದರೆ ಸ್ಕೀಯಿಂಗ್ ಉಳ್ಳವರ ರಜೆಯ ಮೋಜಾಗಿ ಬಿಡುತ್ತದೆ. ನನಗೆ ನಿಜಕ್ಕೂ ದಿಗಿಲಾಗುವುದು ಆ ಮಾತಿಗೆ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ಕನ್ನಡಿಗರು ಸಾಮಾನ್ಯವಾಗಿ ಬೇಸಿಗೆಯನ್ನೇ ಆರಿಸುತ್ತಾರೆ. ಚಳಿಗಾಲದಲ್ಲಿ ಆ ಕಡೆ ಹೋಗುವ ಸಂದರ್ಭ ಬಂದರೆ ಬರ್ಲಿಂಗ್ಟನ್ನಿನಿಂದ 89ನೇ ಹೆದ್ದಾರಿ ಹಿಡಿಯಿರಿ, ಅರ್ಧ ಗಂಟೆಯೊಳಗೆ ರಿಚ್ಮಂಡ್. ಸ್ಕೀ, ಬೂಟು ಅಲ್ಲೇ ಬಾಡಿಗೆಗೆ ಸಿಗುತ್ತವೆ. ನೋಡಲಷ್ಟೇ ಹೋಗುವವರು ಹಗ್ಗದ ಬುಡದಲ್ಲಿ ನಿಂತರೆ ಒಳ್ಳೆಯದು, ಎಲ್ಲ ಕಲಿಕೆಯೂ ಅಲ್ಲಿ ಕಾಣುತ್ತದೆ. ಋತು ಮುಗಿಯುವ ಮಾರ್ಚ್ ತಿಂಗಳಲ್ಲಿ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಹವೆಗೆ ಮೇಪಲ್ ಮರಗಳಲ್ಲಿ ಸಿಹಿರಸ ಇಳಿಯುತ್ತದೆ. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ. ಕಾಕ್ರನ್ ಮೊಮ್ಮಕ್ಕಳು ಈ ಗುಡ್ಡದ ಕಾಡಿನಲ್ಲೇ ರಸ ಇಳಿಸಿ ಪಾಕ ಕಾಸುವ ಉದ್ಯೋಗ ಕಟ್ಟಿದ್ದಾರೆ. ಊರಿಗೆ ತರಲು ಒಂದು ಬಾಟಲಿ ಕೊಳ್ಳಿ.