ಸಭಾಪಾಲಕರು ಸಿದ್ಧರಾಗುವುದು ಹೇಗೆ? ಮೆಥೋಡಿಸ್ಟ್ ಸಭೆಯ ತರಬೇತಿ ಪದ್ಧತಿ

ವಿಜಯಪುರ: ಬಾದಾಮಿ ಸಮೀಪದ ಶಿವಯೋಗಮಂದಿರದಲ್ಲಿ ವಟುಗಳು ಶಾಸ್ತ್ರಾಭ್ಯಾಸ ಮಾಡಿ ಮಠಾಧಿಕಾರಕ್ಕೆ ಸಿದ್ಧರಾಗುವ ಪರಂಪರೆ ಈ ಭಾಗದ ಜನರಿಗೆ ಹೊಸದಲ್ಲ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಆ ಸಂಸ್ಥೆಯನ್ನು ಘೋಣಸಗಿ, ತಿಕೋಟಾ, ಬಬಲೇಶ್ವರ ಸೀಮೆಯವರು ಬಲ್ಲರು. ಆದರೆ ನೆರೆಯ ಬೆಳಗಾವಿ, ಕಲಬುರಗಿ ಜಿಲ್ಲೆಗಳ ಮೆಥೋಡಿಸ್ಟ್ ಚರ್ಚ್‌ಗಳಲ್ಲಿ ಭಾನುವಾರ ಉಪದೇಶ ಮಾಡುವವರು ಆ ಸ್ಥಾನಕ್ಕೆ ಹೇಗೆ ಬರುತ್ತಾರೆ, ಅವರನ್ನು ಆರಿಸುವವರು ಯಾರು, ಎಷ್ಟು ವರ್ಷ ಓದಬೇಕು ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ.

ಎರಡು ಧಾರೆಗಳು

ಕರ್ನಾಟಕಕ್ಕೆ ಮೆಥೋಡಿಸ್ಟ್ ಪಂಥ ಎರಡು ದಾರಿಗಳಿಂದ ಬಂದಿತು. ಹಳೆಯ ಮೈಸೂರು ಭಾಗದಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ ಕೆಲಸ ಮಾಡಿತು. ಅದರ ಸಭೆಗಳು 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿ.ಎಸ್.ಐ.ಯಲ್ಲಿ ವಿಲೀನವಾದವು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೋಲಾರ ಭಾಗಗಳಲ್ಲಿ ಅಮೆರಿಕದ ಮಿಷನ್ ನೆಲೆಯೂರಿತು. ಬೆಳಗಾವಿಯಲ್ಲಿ 1820ರಿಂದ ಇದ್ದ ಲಂಡನ್ ಮಿಷನ್ ತನ್ನ ಕೆಲಸವನ್ನು 1904ರಲ್ಲಿ ಇದೇ ಅಮೆರಿಕದ ಮಿಷನ್‌ಗೆ ಒಪ್ಪಿಸಿತು. ಈ ಎರಡನೆಯ ಧಾರೆ ವಿಲೀನಕ್ಕೆ ಸೇರದೆ ಪ್ರತ್ಯೇಕವಾಗಿ ಉಳಿದು, 1981ರಲ್ಲಿ 'ಭಾರತದ ಮೆಥೋಡಿಸ್ಟ್ ಸಭೆ' ಎಂಬ ಸ್ವಾಯತ್ತ ಸಂಸ್ಥೆಯಾಯಿತು.

ಮೊದಲ ಮೆಟ್ಟಿಲು: ಸ್ಥಳೀಯ ಬೋಧಕ

ಮೆಥೋಡಿಸ್ಟ್ ಪದ್ಧತಿಯ ವೈಶಿಷ್ಟ್ಯವೆಂದರೆ ದೀಕ್ಷೆ ಪಡೆಯದ ಸಾಮಾನ್ಯ ಸದಸ್ಯರಿಗೂ ಉಪದೇಶದ ಅಧಿಕಾರ ನೀಡಿರುವುದು. ಇದರ ಮೂಲ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿದೆ. ಪಂಥದ ಸ್ಥಾಪಕ ಜಾನ್ ವೆಸ್ಲಿ ಊರಲ್ಲಿ ಇಲ್ಲದಿದ್ದಾಗ ಥಾಮಸ್ ಮ್ಯಾಕ್ಸ್‌ಫೀಲ್ಡ್ ಎಂಬ ಸಾಮಾನ್ಯ ಸದಸ್ಯ ಉಪದೇಶ ಮಾಡತೊಡಗಿದನು. ಅದನ್ನು ತಡೆಯಲು ಬಂದ ವೆಸ್ಲಿಗೆ, ಮೊದಲು ಅವನ ಮಾತನ್ನು ಕೇಳಿ ನೋಡು ಎಂದು ಬುದ್ಧಿ ಹೇಳಿದವರು ತಾಯಿ ಸುಸಾನ್ನಾ. ಕೇಳಿದ ಬಳಿಕ ವೆಸ್ಲಿ ತಡೆಯಲಿಲ್ಲ. ಅಂದಿನಿಂದ ರೈತರು, ಕಸುಬುದಾರರು, ಶಿಕ್ಷಕರು ಬೋಧಕರಾಗುವ ದಾರಿ ತೆರೆಯಿತು.

ಸ್ಥಳೀಯ ಬೋಧಕರು ತಮ್ಮ ದುಡಿಮೆಯನ್ನು ಬಿಡದೆ ಈ ಸೇವೆ ಮಾಡುತ್ತಾರೆ. ಸತ್ಯವೇದದ ಜ್ಞಾನ, ಸಭೆಯ ನಿಯಮ, ನಡತೆ ಇವುಗಳನ್ನು ಪರಿಶೀಲಿಸಿದ ಮೇಲೆ ಅವರಿಗೆ ಅನುಮತಿ ಪತ್ರ ದೊರೆಯುತ್ತದೆ. ಹಿಂದೆ ಹಳ್ಳಿಗಳಲ್ಲಿ ಒಬ್ಬರೇ ಹಗಲು ಶಾಲೆಯ ಮಾಸ್ತರರಾಗಿ, ಸಂಜೆ ಪ್ರಾರ್ಥನೆ ನಡೆಸುವವರಾಗಿಯೂ ಇರುತ್ತಿದ್ದರು. ಅಕ್ಷರ ನಿರಾಕರಿಸಲ್ಪಟ್ಟಿದ್ದ ಕೇರಿಗಳಿಗೆ ಓದುಬರಹ ತಲುಪಿದ್ದು ಹೆಚ್ಚಾಗಿ ಇಂಥವರ ಮೂಲಕವೇ.

ಕಾಲೇಜು ಶಿಕ್ಷಣ

ಪೂರ್ಣಾವಧಿ ಸಭಾಪಾಲಕರಾಗಬಯಸುವವರಿಗೆ ಮೊದಲು ತಮ್ಮ ಊರಿನ ಸಭೆಯ ಶಿಫಾರಸು ಬೇಕು. 'ನನಗೆ ದೈವಕರೆ ಬಂದಿದೆ' ಎಂದು ಹೇಳಿದರೆ ಸಾಲದು. ಬಲ್ಲವರು ಅದನ್ನು ಒಪ್ಪಬೇಕು. ಅನಂತರ ದೈವಶಾಸ್ತ್ರದ ಅಧ್ಯಯನ. ಬಿ.ಡಿ. ಪದವಿಗೆ ಸಾಮಾನ್ಯವಾಗಿ ನಾಲ್ಕರಿಂದ ಐದು ವರ್ಷ ಹಿಡಿಯುತ್ತದೆ. ಸತ್ಯವೇದ, ಹೀಬ್ರೂ ಮತ್ತು ಗ್ರೀಕ್ ಭಾಷೆ, ಸಭಾ ಇತಿಹಾಸ, ಇತರ ಧರ್ಮಗಳ ಪರಿಚಯ, ಆಪ್ತಸಮಾಲೋಚನೆ ಮುಂತಾದವು ಪಠ್ಯದಲ್ಲಿವೆ. ರಜಾದಿನಗಳಲ್ಲಿ ಸಭೆಗಳಲ್ಲಿದ್ದು ಕೆಲಸ ಕಲಿಯುವುದೂ ಇದರ ಭಾಗ.

ದೇಶದ ಬಹುತೇಕ ಪ್ರಮುಖ ಪ್ರೊಟೆಸ್ಟಂಟ್ ದೈವಶಾಸ್ತ್ರ ಕಾಲೇಜುಗಳಿಗೆ ಪದವಿ ನೀಡುವುದು ಪಶ್ಚಿಮ ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್. 1818ರಲ್ಲಿ ಆರಂಭವಾದ ಆ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕ್ ದೊರೆಯ ಸನ್ನದಿನಿಂದ ಪದವಿ ನೀಡುವ ಅಧಿಕಾರ ಬಂದಿತು. ಮೆಥೋಡಿಸ್ಟರಿಗೆ ಜಬಲ್‌ಪುರದಲ್ಲಿ ಲಿಯೊನಾರ್ಡ್ ಕಾಲೇಜು ಇದೆ. ಕರ್ನಾಟಕದಲ್ಲಿ 1910ರಲ್ಲಿ ಆರಂಭವಾದ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಹಾಗೂ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಪ್ರಮುಖವಾದವು. ಬಾಸೆಲ್ ಮಿಷನ್ನಿನ ಮಂಗಳೂರು ಸೆಮಿನರಿ ಮತ್ತು ತುಮಕೂರಿನ ಕನ್ನಡ ಸೆಮಿನರಿ 1965ರಲ್ಲಿ ಒಂದಾಗಿ ಬಲ್ಮಠದ ಕಾಲೇಜು ರೂಪುಗೊಂಡಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರತಂದ ಹರ್ಮನ್ ಮೊಗ್ಲಿಂಗ್ ಅವರೇ ಮಂಗಳೂರಿನಲ್ಲಿ ಈ ಶಿಕ್ಷಣಕ್ಕೆ ಬುನಾದಿ ಹಾಕಿದವರು.

ದೀಕ್ಷೆ ಮತ್ತು ವರ್ಗಾವಣೆ

ಪದವಿ ಕೈಗೆ ಬಂದೊಡನೆ ದೀಕ್ಷೆಯಾಗುವುದಿಲ್ಲ. ಅಭ್ಯರ್ಥಿಯನ್ನು ಮೊದಲು ಪರೀಕ್ಷಾರ್ಥವಾಗಿ ತೆಗೆದುಕೊಳ್ಳಲಾಗುತ್ತದೆ. ಬಳಿಕ 'ಡೀಕನ್', ಆಮೇಲೆ 'ಎಲ್ಡರ್' ಎಂಬ ಎರಡು ಹಂತಗಳಲ್ಲಿ ಬಿಷಪ್ ಹಸ್ತನಿಕ್ಷೇಪದಿಂದ ದೀಕ್ಷೆ ನೀಡುತ್ತಾರೆ. ಮಠಾಧೀಶರಂತೆ ಇವರಿಗೆ ಬ್ರಹ್ಮಚರ್ಯದ ಕಟ್ಟಳೆಯಿಲ್ಲ, ಸಂಸಾರಸ್ಥರಾಗಿರಬಹುದು. ಮಹಿಳೆಯರಿಗೆ ಪೂರ್ಣ ಅಧಿಕಾರ ನೀಡುವ ನಿರ್ಣಯವನ್ನು ಅಮೆರಿಕದ ಮೂಲ ಸಭೆ 1956ರಲ್ಲಿ ಕೈಗೊಂಡಿತು.

ಯಾವ ಊರಿಗೆ ಹೋಗಬೇಕೆಂಬುದನ್ನು ನಿರ್ಧರಿಸುವವರೂ ಬಿಷಪ್ಪರೇ. ಸರ್ಕಾರಿ ನೌಕರರಂತೆ ಸಭಾಪಾಲಕರಿಗೂ ವರ್ಗಾವಣೆ ತಪ್ಪಿದ್ದಲ್ಲ. ಒಂದೇ ಊರಿನಲ್ಲಿ ಬೇರುಬಿಟ್ಟು ಪೀಠವನ್ನು ಸ್ವಂತದ್ದಾಗಿಸಿಕೊಳ್ಳಬಾರದು ಎಂಬುದು ಇದರ ಹಿಂದಿನ ಆಶಯ. ಮಕ್ಕಳ ಶಾಲೆ ಬದಲಾಗುವ ಕಷ್ಟ ಕುಟುಂಬಕ್ಕೆ ಉಳಿಯುತ್ತದೆ.

ಹಳ್ಳಿಯ ಪ್ರಶ್ನೆ

ಈ ಪದ್ಧತಿಯ ಬಿಗಿ ಅರಿವಾಗುವುದು ಹಳ್ಳಿಗಳಲ್ಲಿ. ಒಬ್ಬ ಸಭಾಪಾಲಕರಿಗೆ ಹಲವು ಊರುಗಳ ಹೊಣೆ ಇರುವಲ್ಲಿ ಪ್ರತಿ ಭಾನುವಾರ ಎಲ್ಲೆಡೆ ಹೋಗಲಾಗದು. ಸ್ಥಳೀಯ ಬೋಧಕರು ಪ್ರಾರ್ಥನೆ ನಡೆಸಬಹುದು, ಉಪದೇಶ ಮಾಡಬಹುದು, ರೋಗಿಗಳನ್ನು ಸಂತೈಸಬಹುದು. ಆದರೆ ಕರ್ತನ ಭೋಜನದ ಸಂಸ್ಕಾರಕ್ಕೆ ದೀಕ್ಷೆ ಪಡೆದವರೇ ಬೇಕು. ವೆಸ್ಲಿಯೂ ಬೋಧಕರಿಗೆ ಈ ಅಧಿಕಾರವನ್ನು ಬಿಟ್ಟುಕೊಟ್ಟಿರಲಿಲ್ಲ. ಹೀಗಾಗಿ ಊರಿನ ಸುಖದುಃಖದಲ್ಲಿ ಜೊತೆಗಿರುವವರು ಒಬ್ಬರು, ಸಂಸ್ಕಾರ ನೆರವೇರಿಸುವವರು ಇನ್ನೊಬ್ಬರು.

ಭಾಷೆಯ ಪ್ರಶ್ನೆಯೂ ಇದೆ. ಉನ್ನತ ದೈವಶಾಸ್ತ್ರದ ಗ್ರಂಥಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಅದನ್ನು ಓದಿ ಬಂದವರು ಜೋಳದ ಹೊಲದಿಂದ ಬಂದು ಕುಳಿತವರಿಗೆ ತಿಳಿಯುವ ಕನ್ನಡದಲ್ಲಿ ಮಾತನಾಡಬೇಕು. ಸತ್ಯವೇದವನ್ನು ಊರಿನ ಮಾತಿಗೆ ತರುವ ಈ ಕಲೆಯಲ್ಲಿ ಪದವಿಯಿಲ್ಲದ ಸ್ಥಳೀಯ ಬೋಧಕರೇ ಎಷ್ಟೋ ಬಾರಿ ಮುಂದಿರುತ್ತಾರೆ. ಆದ್ದರಿಂದ ಅವರ ತರಬೇತಿಗೆ ಸಭೆ ಕೊಡುವ ಗಮನ ಕಾಲೇಜು ಶಿಕ್ಷಣಕ್ಕೆ ಕೊಡುವ ಗಮನಕ್ಕಿಂತ ಕಡಿಮೆಯಾದರೆ, ಅದರ ನಷ್ಟವನ್ನು ಮೊದಲು ಅನುಭವಿಸುವುದು ಹಳ್ಳಿಯ ಸಭೆ.