ಗಡಿಯಾರದ ಅಂತರ ಮತ್ತು ನಮ್ಮ ರಫ್ತು ವ್ಯವಹಾರ

ವಿದೇಶಿ ಖರೀದಿದಾರರೊಡನೆ ವ್ಯವಹರಿಸುವ ನಮ್ಮ ಸಣ್ಣ ಉದ್ಯಮಿಗಳು ದರ, ಗುಣಮಟ್ಟ, ಸಾಗಣೆ ವೆಚ್ಚ, ವಿನಿಮಯ ದರ ಇವುಗಳ ಬಗ್ಗೆ ತೋರುವಷ್ಟು ಎಚ್ಚರಿಕೆಯನ್ನು ಗಡಿಯಾರದ ಬಗ್ಗೆ ತೋರುವುದಿಲ್ಲ. ನ್ಯೂಯಾರ್ಕ್ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಲಂಡನ್ ಐದೂವರೆ ಗಂಟೆ ಹಿಂದೆ ಎಂದು ಒಮ್ಮೆ ತಿಳಿದುಕೊಂಡರೆ ಸಾಕೆಂಬ ಭಾವನೆ ಸಾಮಾನ್ಯವಾಗಿದೆ. ಈ ಲೇಖಕನದೂ ಅದೇ ಭಾವನೆಯಾಗಿತ್ತು. ಅದಕ್ಕಾಗಿ ತೆರಬೇಕಾಗಿ ಬಂದ ಬೆಲೆಯನ್ನು ಸದಸ್ಯ ಮಿತ್ರರ ಮುಂದಿಡುವುದು ಉಪಯುಕ್ತವಾದೀತೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಘಟಕದಲ್ಲಿ ಎರಕದ ಬಿಡಿಭಾಗಗಳು ತಯಾರಾಗುತ್ತವೆ. ಡೆಟ್ರಾಯಿಟ್‌ನ ಖರೀದಿದಾರರೊಬ್ಬರೊಡನೆ ಪ್ರತಿ ಮಂಗಳವಾರ ಅಲ್ಲಿನ ಬೆಳಗಿನ 9 ಗಂಟೆಗೆ ದೂರವಾಣಿಯಲ್ಲಿ ಸಭೆ ನಡೆಯುತ್ತಿತ್ತು. ನಮಗೆ ಅದು ಸಂಜೆ 7.30. ಚಳಿಗಾಲವೆಲ್ಲ ಇದೇ ಕ್ರಮದಲ್ಲಿ ಕಳೆಯಿತು. ಮಾರ್ಚ್ ತಿಂಗಳಿನ ಒಂದು ಮಂಗಳವಾರ ವರ್ಷದ ಆರ್ಡರಿಗೆ ಅಂತಿಮ ದರ ನಿಗದಿಯಾಗಬೇಕಿತ್ತು. ಕಾಗದಪತ್ರಗಳನ್ನೆಲ್ಲ ಸಿದ್ಧಪಡಿಸಿಕೊಂಡು 7.30ಕ್ಕೆ ಕುಳಿತರೆ ಆ ಕಡೆ ಯಾರೂ ಇರಲಿಲ್ಲ. ಅದಕ್ಕೆ ಎರಡು ದಿನ ಮೊದಲು, ಭಾನುವಾರ, ಅಮೆರಿಕದಲ್ಲಿ ಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟಿದ್ದರು. ಅವರ 9 ಗಂಟೆ ನಮ್ಮ 6.30ಕ್ಕೇ ಆಗಿಹೋಗಿತ್ತು. ಸ್ವಲ್ಪ ಹೊತ್ತು ಕಾದು ಅವರು ಮುಂದಿನ ಸರಬರಾಜುದಾರರನ್ನು ಕರೆದಿದ್ದರು. ಆ ರಾತ್ರಿ ನಾವು ಕಳುಹಿಸಿದ ಮಿಂಚಂಚೆಗೆ ಗುರುವಾರ ಸೌಜನ್ಯಪೂರ್ಣವಾದ ಉತ್ತರವೇನೋ ಬಂದಿತು. ಆದರೆ ಆರ್ಡರು ಬೇರೆಯವರ ಪಾಲಾಗಿತ್ತು. ಖರೀದಿದಾರರದು ತಪ್ಪೆನ್ನುವಂತಿಲ್ಲ. ಅವರು 9 ಗಂಟೆ ಎಂದಿದ್ದರು, 9 ಗಂಟೆಗೇ ಬಂದಿದ್ದರು.

ಭಾರತದ ಗಡಿಯಾರ ವರ್ಷವಿಡೀ ಬದಲಾಗುವುದಿಲ್ಲವಾದ್ದರಿಂದ ಇತರರದು ಬದಲಾಗುತ್ತದೆಂಬುದು ನಮ್ಮ ಮನಸ್ಸಿನಲ್ಲಿ ನಿಲ್ಲುವುದಿಲ್ಲ. 2007ರಿಂದ ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಮುಂದಿಟ್ಟು ನವೆಂಬರ್ ತಿಂಗಳ ಮೊದಲ ಭಾನುವಾರ ಹಿಂದಿಡುವ ಪದ್ಧತಿ ಜಾರಿಯಲ್ಲಿದೆ. ಬ್ರಿಟನ್ ಮತ್ತು ಯುರೋಪ್ ಒಕ್ಕೂಟದ ದೇಶಗಳಲ್ಲಿ ಇದು ಮಾರ್ಚ್ ತಿಂಗಳ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ನಡೆಯುತ್ತದೆ. ಹೀಗಾಗಿ ಮಾರ್ಚ್‌ನಲ್ಲಿ ಎರಡು ಅಥವಾ ಮೂರು ವಾರ, ಶರತ್ಕಾಲದಲ್ಲಿ ಒಂದು ವಾರ ಅಮೆರಿಕ ಮತ್ತು ಯುರೋಪಿನ ನಡುವಿನ ಅಂತರವೇ ವ್ಯತ್ಯಾಸಗೊಂಡಿರುತ್ತದೆ. ಲಂಡನ್ನಿನ ಏಜೆಂಟರ ಮೂಲಕ ಅಮೆರಿಕದ ಖರೀದಿದಾರರೊಡನೆ ವ್ಯವಹರಿಸುವವರಿಗೆ ಈ ವಾರಗಳು ಹೆಚ್ಚು ಗೊಂದಲದವು. ಬೇಸಿಗೆಯಲ್ಲಿ ನ್ಯೂಯಾರ್ಕ್ ಒಂಬತ್ತೂವರೆ ಗಂಟೆ, ಲಂಡನ್ ನಾಲ್ಕೂವರೆ ಗಂಟೆ, ಜರ್ಮನಿ ಮೂರೂವರೆ ಗಂಟೆ ನಮಗಿಂತ ಹಿಂದಿರುತ್ತವೆ. ಸಿಡ್ನಿಯದು ಇದಕ್ಕೆ ವಿರುದ್ಧ. ಅಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಅಂತರ ಐದೂವರೆ ಗಂಟೆ, ಉಳಿದ ಕಾಲದಲ್ಲಿ ನಾಲ್ಕೂವರೆ. ದುಬೈ, ಚೀನಾ, ಜಪಾನ್‌ಗಳೊಡನೆ ವ್ಯವಹರಿಸುವವರಿಗೆ ಈ ತೊಂದರೆಯಿಲ್ಲ.

ಈ ವಿಷಯದಲ್ಲಿ ನಮ್ಮ ಕಾಫಿ ವ್ಯಾಪಾರಿಗಳು ಉಳಿದವರಿಗಿಂತ ಮುಂದಿದ್ದಾರೆ. ನ್ಯೂಯಾರ್ಕ್‌ನ ಅರೇಬಿಕಾ ವಾಯಿದಾ ಮಾರುಕಟ್ಟೆ ಅಲ್ಲಿನ ಮಧ್ಯಾಹ್ನ 1.30ಕ್ಕೆ ಮುಗಿಯುತ್ತದೆ, ಅದು ನಮಗೆ ಬೇಸಿಗೆಯಲ್ಲಿ ರಾತ್ರಿ 11, ಚಳಿಗಾಲದಲ್ಲಿ ನಡುರಾತ್ರಿ 12. ಮರುದಿನದ ದರ ಇದನ್ನು ಅವಲಂಬಿಸಿರುವುದರಿಂದ ಚಿಕ್ಕಮಗಳೂರು, ಕೊಡಗಿನ ವ್ಯಾಪಾರಿಗಳಿಗೆ ಅಮೆರಿಕದ ಗಡಿಯಾರ ಬದಲಾಗುವ ದಿನ ಬಾಯಿಪಾಠವಾಗಿರುತ್ತದೆ.

ಒಂದೇ ದೇಶದಲ್ಲಿ ಎರಡು ಗಡಿಯಾರಗಳಿಟ್ಟುಕೊಂಡು ವ್ಯಾಪಾರ ಮಾಡಿದ ಅನುಭವ ನಮ್ಮ ಹಿರಿಯರಿಗೂ ಇತ್ತು. ಮಿರ್ಜಾಪುರದ ಸಮೀಪ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದ ಭಾರತೀಯ ಕಾಲಮಾನ 1906ರಲ್ಲಿ ಜಾರಿಗೆ ಬಂದಿತಾದರೂ ಮುಂಬಯಿ ನಗರ ಅದಕ್ಕಿಂತ 39 ನಿಮಿಷ ಹಿಂದಿದ್ದ ತನ್ನದೇ ಕಾಲಮಾನವನ್ನು 1955ರವರೆಗೂ ಬಿಡಲಿಲ್ಲ. ಮುಂಬಯಿ ಪೇಟೆಯೊಡನೆ ಸಂಬಂಧವಿದ್ದವರು ಸಮಯ ಹೇಳುವಾಗ ಯಾವ ಸಮಯವೆಂಬುದನ್ನೂ ಹೇಳಲೇಬೇಕಿತ್ತು. ಇಂದು ನಮಗೆ ಬೇಕಾಗಿರುವುದು ಈ ಅಭ್ಯಾಸವೇ.

ಈಗ ಖರೀದಿದಾರರ ಎಂಜಿನಿಯರ್, ತಪಾಸಣಾ ಸಂಸ್ಥೆಯವರು, ಫಾರ್ವರ್ಡರ್, ನಾವು ಎಲ್ಲರೂ ಮೊಬೈಲಿನ ಒಂದೇ ಗುಂಪಿನಲ್ಲಿರುತ್ತೇವೆ. ಅಲ್ಲಿ “ನಾಳೆ ಬೆಳಿಗ್ಗೆ ಕಳುಹಿಸುತ್ತೇವೆ” ಎಂದು ಬರೆದರೆ ಅದು ಯಾರ ನಾಳೆ? ನಮ್ಮಲ್ಲಿ ಬುಧವಾರ ಬೆಳಗಾದಾಗ ಅಲ್ಲಿ ಇನ್ನೂ ಮಂಗಳವಾರದ ರಾತ್ರಿ. ಇದಲ್ಲದೆ ಪಂಚಾಂಗದ ಪ್ರಕಾರ ನಮ್ಮ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ; ಭಾನುವಾರ ರಾತ್ರಿ ಎರಡು ಗಂಟೆ ಎಂದು ನಾವು ಆಡುವ ಮಾತು ಗಡಿಯಾರದ ಲೆಕ್ಕದಲ್ಲಿ ಸೋಮವಾರ. ತಾರೀಖನ್ನು 4/3 ಎಂದು ಬರೆದರೆ ನಮಗೆ ಮಾರ್ಚ್ 4, ಅಮೆರಿಕದವರಿಗೆ ಏಪ್ರಿಲ್ 3. ಆದುದರಿಂದ ವಾರ, ತಿಂಗಳ ಹೆಸರು ಸಹಿತವಾದ ತಾರೀಖು, ಗಂಟೆ, ಯಾವ ಊರಿನ ಗಂಟೆ ಎಂಬ ನಾಲ್ಕನ್ನೂ ಬರೆಯುವುದು ಕ್ಷೇಮ. ರಾತ್ರಿ 12 ಎಂಬ ಗಡುವನ್ನು ಒಪ್ಪಿಕೊಳ್ಳದೆ 11.59 ಎಂದು ಬರೆಸಿಕೊಳ್ಳಬೇಕು.

ಶನಿವಾರದ ಲೆಕ್ಕವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ನಮ್ಮ ಬಹುಪಾಲು ಘಟಕಗಳು ಶನಿವಾರವೂ ಕೆಲಸ ಮಾಡುತ್ತವೆ. ಅಂದು ಬೆಳಿಗ್ಗೆ 10ಕ್ಕೆ ಕಳುಹಿಸಿದ ಪತ್ರ ಚಳಿಗಾಲದಲ್ಲಿ ಡೆಟ್ರಾಯಿಟ್‌ಗೆ ಶುಕ್ರವಾರ ರಾತ್ರಿ 11.30ಕ್ಕೆ ತಲುಪುತ್ತದೆ. ಅವರು ಅದನ್ನು ನೋಡುವುದು ಸೋಮವಾರ ಬೆಳಿಗ್ಗೆ 9ಕ್ಕೆ, ಎಂದರೆ ನಮ್ಮ ಸೋಮವಾರ ಸಂಜೆ 7.30ಕ್ಕೆ. ಅದೇ ಪತ್ರ ಶುಕ್ರವಾರ ಸಂಜೆ 6ಕ್ಕೆ ಹೋಗಿದ್ದರೆ ಅವರ ಬೆಳಗಿನ 7.30ಕ್ಕೆ ತಲುಪಿ, ಅಂದೇ ಉತ್ತರ ಬರುತ್ತಿತ್ತು. ಸಮುದ್ರಮಾರ್ಗವಾಗಿ ಅಮೆರಿಕಕ್ಕೆ ಹೋಗುವ ಸರಕಿನ ವಿವರಗಳನ್ನು ಹಡಗಿಗೆ ಏರಿಸುವ 24 ಗಂಟೆ ಮೊದಲೇ ಆಮದುದಾರರು ಅಲ್ಲಿನ ಕಸ್ಟಮ್ಸ್‌ಗೆ ಸಲ್ಲಿಸಬೇಕು. ಆ ವಿವರಗಳಲ್ಲಿ ಹೆಚ್ಚಿನವು ನಮ್ಮಿಂದಲೇ ಹೋಗಬೇಕು. ಭಾನುವಾರ ಏರಬೇಕಾದ ಕಂಟೇನರಿನ ವಿವರಗಳನ್ನು ಶನಿವಾರ ಕಳುಹಿಸುವುದರಿಂದ ಪ್ರಯೋಜನವಿಲ್ಲ. ಕೊಲ್ಲಿ ರಾಷ್ಟ್ರಗಳ ವಾರದ ರಜೆಯೂ ಏಕಪ್ರಕಾರವಾಗಿಲ್ಲ. ಸೌದಿ ಅರೇಬಿಯಾದಲ್ಲಿ 2013ರಿಂದ ಶುಕ್ರವಾರ ಮತ್ತು ಶನಿವಾರ ರಜೆ. ಸಂಯುಕ್ತ ಅರಬ್ ಎಮಿರೇಟ್ಸ್‌ನ ಸರ್ಕಾರಿ ಕಚೇರಿಗಳು 2022ರ ಜನವರಿಯಿಂದ ಶುಕ್ರವಾರ ಅರ್ಧ ದಿನ ಕೆಲಸ ಮಾಡಿ ಶನಿವಾರ, ಭಾನುವಾರ ಮುಚ್ಚಿರುತ್ತವೆ.

ಎಲ್.ಸಿ. ಮೂಲಕ ವ್ಯವಹರಿಸುವವರು ಅದರ ಅವಧಿ ಯಾವ ಊರಿನಲ್ಲಿ ಮುಗಿಯುತ್ತದೆಂಬುದನ್ನು ಮೊದಲು ನೋಡಬೇಕು. ಅದು ಖರೀದಿದಾರರ ದೇಶದಲ್ಲಿದ್ದರೆ ದಾಖಲೆಗಳು ಅಲ್ಲಿನ ಬ್ಯಾಂಕನ್ನು ಅಲ್ಲಿನ ತಾರೀಖಿನೊಳಗೆ ತಲುಪಬೇಕಾಗುತ್ತದೆ. ಕೊರಿಯರಿನ ದಿನಗಳು ನಮ್ಮ ಲೆಕ್ಕಕ್ಕೆ ಬರುತ್ತವೆ. ಸಾಧ್ಯವಾದಷ್ಟೂ ಭಾರತದಲ್ಲಿಯೇ ಅವಧಿ ಮುಗಿಯುವಂತೆ ಎಲ್.ಸಿ. ತೆರೆಸಿಕೊಳ್ಳಬೇಕು. 2007ರ ಜುಲೈ 1ರಿಂದ ಜಾರಿಯಲ್ಲಿರುವ ಯು.ಸಿ.ಪಿ. 600 ನಿಯಮಗಳ ಪ್ರಕಾರ ಬ್ಯಾಂಕಿನ ವೇಳೆ ಮೀರಿ ತಂದ ದಾಖಲೆಗಳನ್ನು ಸ್ವೀಕರಿಸುವ ಹೊಣೆ ಬ್ಯಾಂಕಿಗಿಲ್ಲ. ಅವಧಿಯ ಕೊನೆಯ ದಿನ ಬ್ಯಾಂಕಿಗೆ ರಜೆಯಿದ್ದರೆ ಮುಂದಿನ ಕೆಲಸದ ದಿನ ಸಲ್ಲಿಸಬಹುದು. ಆದರೆ ಸರಕು ಸಾಗಣೆಯ ಕೊನೆಯ ದಿನಾಂಕ ಅದರಿಂದ ಮುಂದೆ ಹೋಗುವುದಿಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸಿದವರು ತೊಂದರೆಗೆ ಸಿಲುಕುತ್ತಾರೆ.

ದೊಡ್ಡ ಕಂಪನಿಗಳಲ್ಲಿ ರಾತ್ರಿ ಪಾಳಿಯ ಸಿಬ್ಬಂದಿ ಇರುತ್ತಾರೆ. ಸಣ್ಣ ಘಟಕದಲ್ಲಿ ಬೆಳಿಗ್ಗೆ ಕುಲುಮೆಯ ಮುಂದೆ ನಿಂತ ಮಾಲೀಕನೇ ರಾತ್ರಿ ಹತ್ತರವರೆಗೆ ದೂರವಾಣಿಯ ಮುಂದೆ ಕುಳಿತಿರುತ್ತಾನೆ. ಖರೀದಿದಾರರು ಏನೆಂದುಕೊಳ್ಳುವರೋ ಎಂಬ ಸಂಕೋಚದಿಂದ ನಾವು ವರ್ಷಗಟ್ಟಲೆ ಯಾವ ವೇಳೆಗೆ ಕರೆದರೂ ಒಪ್ಪಿಕೊಳ್ಳುತ್ತಿದ್ದೆವು. ಆರ್ಡರು ಕೈತಪ್ಪಿದ ಮೇಲೆ ಇನ್ನೊಬ್ಬ ಅಮೆರಿಕನ್ ಖರೀದಿದಾರರಿಗೆ ನೇರವಾಗಿ ಬರೆದು ಕೇಳಿದೆವು: ವಾರಕ್ಕೆ ಒಂದೇ ಸಭೆ, ಮೂರು ವಾರ ನಮ್ಮ ಸಂಜೆಯಲ್ಲಿ, ನಾಲ್ಕನೆಯ ವಾರ ಅವರ ರಾತ್ರಿಯಲ್ಲಿ. ನಮ್ಮ ಬೆಳಗಿನ 6.30 ಅವರಿಗೆ ಚಳಿಗಾಲದಲ್ಲಿ ರಾತ್ರಿ 8, ಬೇಸಿಗೆಯಲ್ಲಿ 9. ಅವರು ಒಂದೇ ಸಾಲಿನಲ್ಲಿ ಒಪ್ಪಿಗೆ ಬರೆದರು. ಅಂದಿನಿಂದ ಪ್ರತಿ ಸಭೆಯ ಸೂಚನೆಯಲ್ಲಿ ಎರಡೂ ಊರುಗಳ ಗಂಟೆಯನ್ನು ನಮೂದಿಸುತ್ತೇವೆ. ಮಾರ್ಚ್ ಮತ್ತು ನವೆಂಬರ್ ತಿಂಗಳ ಮೊದಲ ದಿನವೇ ಗುಮಾಸ್ತರು ಹೊಸ ವೇಳೆಯನ್ನು ಬರೆದು ಖರೀದಿದಾರರಿಂದ ದೃಢಪಡಿಸಿಕೊಂಡು ಕಡತದಲ್ಲಿ ಇಡುತ್ತಾರೆ.