ಪಾಳಿ ಹಿಡಿಯುವ ಶರ್ಯತ್ತು

ಧುಪದಾಳದಲ್ಲಿ ಕಬ್ಬಿನ ಹಂಗಾಮು ಶುರುವಾದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ದೀಪಾವಳಿ ಮುಗಿದು ಚಳಿ ಮೈಗೆ ಹತ್ತುವ ಹೊತ್ತು. ಊಟ ಮುಗಿಸಿ, ಹಾಸಿಗೆ ಹಾಸಿ, ದೀಪ ಆರಿಸಿದ ಮೇಲೆ ದೂರದಲ್ಲೆಲ್ಲೋ ದುಬುದುಬು ಸದ್ದು ಏಳುತ್ತದೆ. ಹಾಡು ಇನ್ನೂ ಕೇಳುವುದಿಲ್ಲ. ಅದರ ತಳದ ಬಡಿತ ಮಾತ್ರ ನೆಲದೊಳಗಿಂದ ಬಂದು ಮಂಚದ ಕಾಲು ಮುಟ್ಟುತ್ತದೆ. ಬೆನ್ನ ಹಿಂದೆಯೇ ಎಂಜಿನ್ನಿನ ಗುಡುಗಾಟ, ಅದರ ಮೇಲೆ ಹಾಡಿನ ಮಾತು. ಅಡುಗೆಮನೆಯ ಗೂಡಿನಲ್ಲಿ ಸಾಲಾಗಿ ನಿಲ್ಲಿಸಿದ ಸ್ಟೀಲಿನ ತಾಟುಗಳು ಒಂದಕ್ಕೊಂದು ತಾಗಿ ಝಣಗುಟ್ಟತೊಡಗಿದವೆಂದರೆ, ಎರಡು ಟ್ರೇಲರ್ ಕಬ್ಬು ಎಳೆದುಕೊಂಡ ಟ್ರ್ಯಾಕ್ಟರ್ ಮನೆಯ ಮುಂದೆಯೇ ಇದೆ ಎಂದು ಲೆಕ್ಕ. ತಾಟು ಸುಮ್ಮನಾಗುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ಹೀಗೆ ಮಾರ್ಚ್ ತನಕ.

ಘಟಪ್ರಭಾ ರೈಲು ನಿಲ್ದಾಣದ ಮಗ್ಗುಲಿನ ಈ ಊರಿಗೆ ಹೆಸರು ಬಂದದ್ದು ನೀರಿನಿಂದ. 19ನೇ ಶತಮಾನದ ಕೊನೆಗೆ ಬ್ರಿಟಿಷರು ಇಲ್ಲಿ ಘಟಪ್ರಭಾ ನದಿಗೆ ಅಡ್ಡಲಾಗಿ ಒಡ್ಡು ಕಟ್ಟಿ ಎಡದಂಡೆ ಕಾಲುವೆ ಹರಿಸಿದರು. ಮುಂದೆ ನದಿಯ ಮೇಲ್ಭಾಗದಲ್ಲಿ ಹಿಡಕಲ್ ಜಲಾಶಯ ತುಂಬಿತು. ನೀರು ಬಂದಲ್ಲಿ ಜೋಳ ಹಿಂದೆ ಸರಿದು ಕಬ್ಬು ಬಂತು, ಕಬ್ಬಿನ ಬೆನ್ನಿಗೆ ಕಾರ್ಖಾನೆ ಬಂತು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕುಗಳಲ್ಲಿ ಸಕ್ಕರೆ ಕಾರ್ಖಾನೆಗಳ ಚಿಮಣಿಗಳಿವೆ. ಯಾವ ಕಡೆಯ ಕಬ್ಬು ಯಾವ ಕಾರ್ಖಾನೆಗೆ ಹೊರಟಿದ್ದರೂ ಟ್ರ್ಯಾಕ್ಟರ್ ಮಾತ್ರ ನಡುವಿನ ಊರುಗಳನ್ನು ಸೀಳಿಕೊಂಡೇ ಹೋಗಬೇಕು.

ಹೋಗುವಾಗ ಒಬ್ಬರನ್ನೊಬ್ಬರು ಹಿಂದೆ ಹಾಕುವ ಶರ್ಯತ್ತು ಬೇರೆ. ಶರ್ಯತ್ತು ಈ ಸೀಮೆಗೆ ಹೊಸದಲ್ಲ. ಇಲ್ಲಿನ ಜಾತ್ರೆ ಶರ್ಯತ್ತಿಲ್ಲದೆ ಮುಗಿಯುವುದೇ ಇಲ್ಲ. ಜೋಡೆತ್ತಿನ ಗಾಡಿ, ಕುದುರೆ ಗಾಡಿ, ಸೈಕಲ್ಲು, ಇತ್ತೀಚೆಗೆ ಟ್ರೇಲರ್ ಕಟ್ಟಿಕೊಂಡು ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಪಂದ್ಯ ಕೂಡ. ಎತ್ತಿನ ಗಾಡಿ ಓಟಕ್ಕೆ ರಾಜ್ಯ 2017ರಲ್ಲಿ ಕಾನೂನು ತಿದ್ದಿ ದಾರಿ ಮಾಡಿಕೊಟ್ಟಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಆ ಶರ್ಯತ್ತಿಗೆ ಒಂದು ಹೊಲ ಇರುತ್ತದೆ, ಒಂದು ದಿನ ಇರುತ್ತದೆ, ಗೆದ್ದವನಿಗೆ ಢಾಲು ಇರುತ್ತದೆ. ಸಂಜೆಗೆ ಧೂಳು ಇಳಿದು ಎಲ್ಲರೂ ಮನೆಗೆ ಹೋಗುತ್ತಾರೆ. ಕಬ್ಬಿನ ದಾರಿಯ ಶರ್ಯತ್ತಿಗೆ ಇದಾವುದೂ ಇಲ್ಲ. ಊರಿನ ರಸ್ತೆಯೇ ಅದರ ಕಣ. ನಾಲ್ಕು ತಿಂಗಳು, ಹಗಲು-ರಾತ್ರಿ.

ಈ ಓಟಗಾರನನ್ನು ಹಗಲು ಬೆಳಕಿನಲ್ಲಿ ಒಮ್ಮೆ ಹತ್ತಿರದಿಂದ ನೋಡಬೇಕು. ಬಾನೆಟ್ಟಿನ ಮೇಲೆ ಮಾಲೀಕನ ಮಕ್ಕಳ ಹೆಸರು, ಮುಂದಿನ ಬಂಪರಿಗೆ ಬಣ್ಣದ ಗೊಂಡೆ, ಸೀಟಿನ ಹಿಂದೆ ಅಂಬಾರಿಯಂತೆ ಕಟ್ಟಿದ ಪ್ಲೈವುಡ್ಡಿನ ಪೆಟ್ಟಿಗೆ. ಅದರೊಳಗೆ ಜೋಡಿ ಸ್ಪೀಕರ್, ಆಂಪ್ಲಿಫೈಯರ್; ಬ್ಯಾಟರಿಯಿಂದ ಎಳೆದ ದಪ್ಪ ವೈರಿಗೆ ಇನ್ಸುಲೇಷನ್ ಟೇಪು ಸುತ್ತಿರುತ್ತದೆ. ಕೆಲವರು ಎಡಬಲದ ಮಡ್‌ಗಾರ್ಡಿನ ಮೇಲೂ ಒಂದೊಂದು ಸ್ಪೀಕರ್ ಕೂರಿಸಿರುತ್ತಾರೆ. ಕ್ಯಾಸೆಟ್ಟಿನ ಕಾಲ ಹೋಗಿ ಪೆನ್‌ಡ್ರೈವಿನ ಕಾಲ ಬಂದರೂ ಊರ ಬಾಯಲ್ಲಿ ಅದು ಇನ್ನೂ ‘ಟೇಪು’. ಹಿಂದಿನ ಎರಡು ಟ್ರೇಲರುಗಳಲ್ಲಿ ಕಬ್ಬು ಪಕ್ಕದ ಪಟ್ಟಿಗಳನ್ನು ಮೀರಿ ಎರಡೂ ಬದಿಗೆ ಚಾಚಿರುತ್ತದೆ. ಏರು ಬಂದಾಗ ಹಿಂದಿನ ಭಾರ ಜಗ್ಗಿ ಮುಂದಿನ ಗಾಲಿಗಳು ನೆಲ ಬಿಟ್ಟು ಏಳುತ್ತವೆ. ಚಾಲಕ ಆ ಕ್ಷಣ ಸ್ಟೇರಿಂಗ್ ಹಿಡಿದಿರುವುದು ಬರೀ ಹೆಸರಿಗೆ. ಬಾನೆಟ್ಟಿನ ಮೇಲೆ ಕೊಳವೆಯಂತೆ ನಿಂತ ಸೈಲೆನ್ಸರಿನಿಂದ ಕರಿ ಹೊಗೆ ಬುಗ್ಗೆಂದು ಏಳುತ್ತದೆ. ಎಂಜಿನ್ನಿಗೆ ತಾಳಲಾರದ ಭಾರ ಬಿದ್ದಾಗ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದೇ ಆ ಕಪ್ಪು. ಅದು ಎದುರು ಮನೆಯ ಸುಣ್ಣದ ಗೋಡೆಯ ಮೇಲೆ ಕೂರುತ್ತದೆ, ಕಟ್ಟೆಯ ಮೇಲೆ ಕುಳಿತ ಮುದುಕರ ಎದೆಗೂ ಇಳಿಯುತ್ತದೆ.

ಟೇಪಿನ ದನಿ ಅಷ್ಟೇಕೆ ಎನ್ನುವುದಕ್ಕೂ ಒಂದು ಲೆಕ್ಕ ಇದೆ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನ ಮೇಲೆ ಕುಳಿತವನ ಕಿವಿಗೆ ಎಂಜಿನ್ನಿನ ಸದ್ದೇ 90 ಡೆಸಿಬೆಲ್ ಆಸುಪಾಸು ಬೀಳುತ್ತದೆ. ಹಾಡು ಕೇಳಬೇಕಾದರೆ ಅದು ಎಂಜಿನ್ನನ್ನು ಮೀರಬೇಕು. ಅವನು ಎಂಜಿನ್ನಿನ ಮೇಲೆ ಹಾಡು ಏರಿಸುತ್ತಾನೆ, ರಸ್ತೆಯ ಮನೆಗಳಿಗೆ ಎರಡೂ ಕೂಡಿ ಬಡಿಯುತ್ತವೆ. ವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬೆಲ್ ದಾಟಬಾರದು ಎನ್ನುತ್ತದೆ 2000ದ ಶಬ್ದಮಾಲಿನ್ಯ ನಿಯಮ. ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಏರಿತೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟು ಏರಿತೆಂದು ಅರ್ಥ. ಉಳಿದದ್ದನ್ನು ಓದುಗರೇ ಗುಣಿಸಿಕೊಳ್ಳಬಹುದು.

ಬೆಳಿಗ್ಗೆ ಆದರೆ ಮೂಗಿನ ಸರದಿ. ಕರಿ ಮಣ್ಣಿನ ಹೊಲದಿಂದ ಬಂದ ಗಾಲಿಗಳು ಹೆಂಟೆ ಹೆಂಟೆ ಮಣ್ಣು ತಂದು ಡಾಂಬರಿನ ಮೇಲೆ ಉದುರಿಸುತ್ತವೆ. ಬಿಸಿಲಿಗೆ ಅದು ಒಣಗಿ, ಮುಂದಿನ ಗಾಡಿಯ ಕೆಳಗೆ ಹಿಟ್ಟಾಗಿ, ಅದರ ಮುಂದಿನದರ ಗಾಳಿಗೆ ಎದ್ದು ನಿಲ್ಲುತ್ತದೆ. ರಸ್ತೆ ಬದಿಯ ಮನೆಯವರು ದಿನಕ್ಕೆರಡು ಸಲ ನೀರು ಹೊಡೆಯುತ್ತಾರೆ. ಅಂಗಳಕ್ಕಲ್ಲ, ಸರ್ಕಾರದ ರಸ್ತೆಗೆ. ಇದರ ಮೇಲೆ ಕಟಾವಾದ ಹೊಲದಲ್ಲಿ ರವದಿಗೆ ಬೆಂಕಿ ಇಡುವ ಚಟ. ಒಣಗಿದ ಕಬ್ಬಿನ ಸೋಗೆ ಉರಿದಾಗ ಬೆರಳುದ್ದದ ಕರಿ ಎಳೆಗಳು ಗಾಳಿಗೆ ತೇಲುತ್ತ ಬಂದು ಮಾಳಿಗೆ ಮೇಲೆ ಇಳಿಯುತ್ತವೆ. ಶಾಲೆಗೆ ಹೋಗುವ ಮಗುವಿನ ಬಿಳಿ ಅಂಗಿ ತಂತಿಯ ಮೇಲಿದ್ದರೆ ಮೊದಲು ಅದರ ಮೇಲೆ. ಇಲ್ಲಿನ ಹೆಣ್ಣುಮಕ್ಕಳಿಗೆ ಗೊತ್ತಿದೆ, ಆ ಎಳೆಯನ್ನು ಕೈಯಿಂದ ಬಡಿಯಬಾರದು. ಬಡಿದರೆ ಬಳಿಯುತ್ತದೆ, ಊದಿದರೆ ಹೋಗುತ್ತದೆ. ಶಿವರಾತ್ರಿ ಆಸುಪಾಸು ಶಾವಿಗೆ, ಸಂಡಿಗೆ ಒಣಗಿಸುವ ಕಾಲ. ಮಾಳಿಗೆಗಳ ಮೇಲೆಲ್ಲ ಹಳೆ ಸೀರೆಗಳು ಮುಚ್ಚಿಗೆಯಾಗಿ ಹರಡಿರುತ್ತವೆ. ಸಂಜೆ ಆ ಸೀರೆ ಎತ್ತಿ ಜಾಡಿಸಿದರೆ ಯಾವ ಕಡೆ ರವದಿ ಸುಟ್ಟಿದ್ದಾರೆ ಎಂದು ಹೇಳಬಹುದು.

ದೂರು ಇದೆ. ಕಟ್ಟೆಯ ಮೇಲೆ, ಕಿರಾಣಿ ಅಂಗಡಿಯ ಮುಂದೆ, ಮದುವೆ ಮನೆಯ ಪಂಕ್ತಿಯಲ್ಲಿ. ಬರಹಕ್ಕೆ ಇಳಿಯುವುದು ಮಾತ್ರ ಕಡಿಮೆ. ಯಾಕೆಂದು ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ: “ಯಾರ ಮ್ಯಾಲ ಕೊಡೂದ್ರಿ? ನಿನ್ನಿ ರಾತ್ರಿ ನಿದ್ದಿಗೆಡಿಸಿದ ಗಾಡ್ಯಾಗ ನಮ್ಮ ದೊಡ್ಡಪ್ಪನ ಕಬ್ಬs ಇತ್ತು.” ಇಲ್ಲಿ ಕಬ್ಬಿಲ್ಲದ ಮನೆ ಹುಡುಕಬೇಕು. ಕಬ್ಬಿಲ್ಲದವನ ಅಳಿಯನಿಗೆ ಟ್ರ್ಯಾಕ್ಟರ್ ಇರುತ್ತದೆ. ಟ್ರ್ಯಾಕ್ಟರ್ ಇಲ್ಲದವನ ಮಗ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದ ಮೇಲೆ ಕೆಲಸಕ್ಕಿರುತ್ತಾನೆ. ಸದ್ದಿನ ಮೇಲೆ ಅರ್ಜಿ ಬರೆಯಲು ಕೂತರೆ ಬೀಗರ ಹೆಸರು ಬರೆದ ಹಾಗಾಗುತ್ತದೆ. ಪರೀಕ್ಷೆಗೆ ಓದುವ ಮಕ್ಕಳು ಕಿವಿಗೆ ಹತ್ತಿ ಇಟ್ಟುಕೊಂಡು ಕೂರುತ್ತಾರೆ. ಊರು ಅದನ್ನೂ ಹಂಗಾಮಿನ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ.

ಚಾಲಕನ ಮಾತನ್ನೂ ಕೇಳಬೇಕು. ರಸ್ತೆ ಬದಿಯ ಚಹಾದಂಗಡಿ, ನಸುಕಿನ ನಾಲ್ಕು ಗಂಟೆ. ಕಿವಿ ಮುಚ್ಚುವಂತೆ ಟವೆಲ್ ಸುತ್ತಿಕೊಂಡ ಹುಡುಗ, ಕಣ್ಣು ಕೆಂಪು. ಟೇಪು ಸಣ್ಣದು ಮಾಡಬಾರದೇನಪ್ಪಾ ಎಂದರೆ ಸಿಟ್ಟಾಗುವುದಿಲ್ಲ. “ಬಂದ್ ಮಾಡಿದ್ರ ತೂಕಡಿಕಿ ಬರತೈತ್ರಿ ಕಾಕಾ. ತೂಕಡಿಸಿದ್ರ ಗಾಡಿ ಕಾಲವಿಗೆ ಹೊಕ್ಕೈತಿ.” ಮತ್ತೆ ಅಷ್ಟು ಜೋರಾಗಿ ಓಡಿಸುವುದು ಯಾಕೆ? “ಮುಂದಿನಾಂವನ ಹಿಂದ ಹಾಕಿದ್ರ ಪಾಳಿ ಮೊದ್ಲ ಸಿಗತೈತಿ. ತಪ್ಪಿದ್ರ ಇಡೀ ದಿನಾ ಯಾರ್ಡಿನ್ಯಾಗ ಕುಂಡ್ರಬೇಕು.”

ಈ ಹುಡುಗನ ಮಾತಿನಲ್ಲೇ ಸಂಗತಿಯ ಬೇರು ಇದೆ ಎಂದು ನನ್ನ ಎಣಿಕೆ. ಕಾರ್ಖಾನೆಯ ಅಂಗಳದಲ್ಲಿ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಮೊದಲು ಬಂದವನು ಮೊದಲು ಕಾಟಾ ಹತ್ತುತ್ತಾನೆ, ಮೊದಲು ಖಾಲಿಯಾಗಿ ಹೊಲಕ್ಕೆ ಮರಳುತ್ತಾನೆ. ಸಾಗಣೆಯ ದುಡ್ಡು ಟನ್ನು ಮತ್ತು ದೂರದ ಲೆಕ್ಕದಲ್ಲಿ. ಖೇಪು ಹೆಚ್ಚಿದಷ್ಟೂ ಕಾಸು. ಟ್ರ್ಯಾಕ್ಟರಿನ ಸಾಲದ ಕಂತು ಒಂದು ಕಡೆ, ಕಟಾವು ಗ್ಯಾಂಗಿಗೆ ಕೊಟ್ಟ ಲಕ್ಷಗಟ್ಟಲೆ ಮುಂಗಡ ಇನ್ನೊಂದು ಕಡೆ. ಅತ್ತ ರೈತನಿಗೂ ಅವಸರ. ಕಡಿದ ಕಬ್ಬು ಕಾದಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಕುಗ್ಗುತ್ತದೆ. ಎಲ್ಲರ ಅವಸರವೂ ಆ ಒಂದು ಸಾಲಿನ ಕಡೆಗೇ ಓಡುತ್ತಿದೆ. ಹುಡುಗನ ಟೇಪು ಕಿತ್ತುಕೊಂಡರೆ ಹಾಡು ನಿಂತೀತು, ಓಟ ನಿಲ್ಲುವುದಿಲ್ಲ. ಹಾಗೆಂದು ಟೇಪಿಗೆ ಮಾಫಿ ಕೊಡಬೇಕೆಂದು ಹೇಳುತ್ತಿಲ್ಲ. ನಿದ್ದೆ ಬರುವವನಿಗೆ ಬೇಕಾದದ್ದು ನಿದ್ದೆ, ಸ್ಪೀಕರಲ್ಲ.

ಕಾನೂನಿನ ಪುಸ್ತಕದಲ್ಲಿ ಕೊರತೆ ಏನಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕ ಕೂಡದು; 2005ರ ಜುಲೈ 18ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಮನೆಯೊಳಗೆ ಸದ್ದಿಲ್ಲದೆ ನೆಮ್ಮದಿಯಾಗಿ ಇರುವುದನ್ನು ಬದುಕುವ ಹಕ್ಕಿನ ಜತೆಗೇ ಸೇರಿಸಿತು. ಆಸ್ಪತ್ರೆ, ಶಾಲೆಯ ಸುತ್ತ 100 ಮೀಟರನ್ನು ಸರ್ಕಾರ ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ಘಟಪ್ರಭಾದ ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ. ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಲ್ಲಿ ಸದ್ದು-ಹೊಗೆಯ ಮಿತಿ ಮೀರಿದವನಿಗೆ 10,000 ರೂಪಾಯಿವರೆಗೆ ದಂಡ, 189ನೇ ಕಲಮಿನಲ್ಲಿ ಅಪ್ಪಣೆ ಇಲ್ಲದೆ ರಸ್ತೆಯಲ್ಲಿ ಪೈಪೋಟಿ ನಡೆಸಿದವನಿಗೆ ಶಿಕ್ಷೆ. ಪ್ರತಿ ಹಂಗಾಮಿನಲ್ಲೂ ಪೊಲೀಸರು ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸುತ್ತಾರೆ. ಒಳ್ಳೆಯ ಕೆಲಸ, ಎಷ್ಟೋ ಜೀವ ಉಳಿದಿವೆ. ಅದೇ ಕೈ ಒಂದು ಮಾರು ಮುಂದೆ ಹೋಗಿ ಟೇಪಿನ ವೈರಿಗೂ ಮುಟ್ಟಬೇಕು.

ಇಂಗ್ಲೆಂಡಿನ ಸಫೋಕ್ ಸೀಮೆಯ ಒಂದು ಪ್ರಕರಣ ಇಲ್ಲಿ ನೆನಪಾಗುತ್ತದೆ. ಅಲ್ಲಿ ಮಿಲ್ಡನ್‌ಹಾಲ್ ಬಳಿ 1970ರ ದಶಕದಿಂದ ಬೈಕು-ಕಾರುಗಳ ಓಟದ ಕ್ರೀಡಾಂಗಣ ಇತ್ತು. ಅರ್ಧ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ 2006ರಲ್ಲಿ ಮನೆ ಕೊಂಡ ಇಬ್ಬರು ಸದ್ದು ತಾಳಲಾರದೆ ಕೋರ್ಟಿಗೆ ಹೋದರು. ಸದ್ದು ಇದ್ದಲ್ಲಿಗೆ ನೀವೇ ಬಂದು ಮನೆ ಮಾಡಿದ್ದೀರಿ ಎಂಬ ವಾದ ನಿಲ್ಲಲಿಲ್ಲ; 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮನೆಯವರ ಪರ ನಿಂತಿತು. ಧುಪದಾಳದವರು ಎಲ್ಲಿಂದಲೋ ಬಂದು ಸದ್ದಿನ ಪಕ್ಕ ಮನೆ ಮಾಡಿದವರಲ್ಲ. ಸದ್ದೇ ಬಂದು ಅವರ ಜಗಲಿಗೆ ಹತ್ತಿದೆ.

ನದಿಯ ಪಾತ್ರದ ಉದ್ದಕ್ಕೆ ಚಾಚಿಕೊಂಡ ಘಟಪ್ರಭಾ ಪಕ್ಷಿಧಾಮಕ್ಕೂ ಕಬ್ಬಿನ ಹಂಗಾಮೇ ಮೇಳದ ಕಾಲ. 1974ರಲ್ಲಿ ಘೋಷಣೆಯಾದ, ಸುಮಾರು 30 ಚದರ ಕಿಲೋಮೀಟರಿನ ಈ ಧಾಮಕ್ಕೆ ಡೆಮೊಸೆಲ್ ಕ್ರೌಂಚ, ಯುರೋಪಿನ ಬಿಳಿ ಕೊಕ್ಕರೆಗಳು ಚಳಿಗಾಲದಲ್ಲೇ ಬರುವುದು. ನೂರಾರು ಗಾವುದ ಹಾರಿ ಬಂದ ಅತಿಥಿಗಳು, ಊರಿನವರು ನಿದ್ದೆಗೆಟ್ಟ ಅದೇ ತಿಂಗಳುಗಳಲ್ಲಿ ಇಲ್ಲಿ ತಂಗುತ್ತವೆ.

2025ರ ನವೆಂಬರ್ ಮೊದಲ ವಾರ ಮಾತ್ರ ಸಂಗತಿ ಬೇರೆಯಾಗಿತ್ತು. ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ದರ ಕೇಳಿ ರಸ್ತೆಗೇ ಕೂತರು. ನವೆಂಬರ್ 7ರಂದು ಸರ್ಕಾರ 3,300 ರೂಪಾಯಿ ಎಂದು ಹೇಳುವ ತನಕ ಈ ಸೀಮೆಯ ಕಬ್ಬು ಹೊಲದಲ್ಲೇ ನಿಂತಿತ್ತು. ದರದ ನ್ಯಾಯಕ್ಕೆ ಸಾವಿರಾರು ಜನ ಚಳಿಯಲ್ಲಿ ಕೂತು ಸರ್ಕಾರವನ್ನು ಮಾತಿಗೆ ಎಳೆದದ್ದು ಸಣ್ಣ ಸಂಗತಿಯಲ್ಲ. ಅಷ್ಟು ಗಟ್ಟಿ ದನಿ ಇರುವ ನಾಡಿಗೆ ಕಾರ್ಖಾನೆಯ ಬಾಗಿಲಲ್ಲಿ ನಿಂತು ಪಾಳಿಯ ಮಾತು ಆಡುವುದು ಕಷ್ಟವೇ?

ಕೇಳಬೇಕಾದದ್ದು ದೊಡ್ಡದೇನಲ್ಲ. ಗಾಡಿ ಹೊಲ ಬಿಡುವ ಮೊದಲೇ ಮೊಬೈಲಿಗೆ ಕಾಟಾದ ಸಮಯ ಬರಲಿ. ಆ ಸಮಯಕ್ಕೆ ಮೊದಲು ಬಂದರೂ ಪಾಳಿ ಮುಂದೆ ಹೋಗದಿರಲಿ. ಆಗ ಊರೊಳಗೆ ಯಾರೂ ಯಾರನ್ನೂ ಹಿಂದೆ ಹಾಕಬೇಕಿಲ್ಲ. ಹೇರಿಕೆಯ ಮಿತಿ ಮೀರಿದ ಗಾಡಿ, ಟೇಪಿನ ಪೆಟ್ಟಿಗೆ ಕಟ್ಟಿದ ಗಾಡಿ ಎರಡನ್ನೂ ಕಾಟಾದ ಮೇಲೆ ಹತ್ತಿಸಬಾರದು. ಪೊಲೀಸರ ದಂಡಕ್ಕಿಂತ ಈ ಒಂದು ಮಾತಿಗೆ ಚಾಲಕ ಬೇಗ ಬಗ್ಗುತ್ತಾನೆ. ರವದಿಯನ್ನು ಸುಡದೆ ಸಾಲಿನಲ್ಲೇ ಮುಚ್ಚಿಗೆ ಮಾಡಿದರೆ ಹೊಲದ ತೇವ ಉಳಿಯುತ್ತದೆ. ಇದನ್ನು ಕೃಷಿ ಇಲಾಖೆ ಹೇಳುತ್ತಲೇ ಬಂದಿದೆ, ಮಾಡಿದವರ ಹೊಲ ಪಕ್ಕದಲ್ಲೇ ಇದೆ, ಹೋಗಿ ನೋಡಬಹುದು.

ಅಲ್ಲಿಯ ತನಕ ರಾತ್ರಿ ಹತ್ತರ ಮೇಲೆ ಟೇಪು ಕೇಳಿದರೆ 112ಕ್ಕೆ ಫೋನ್ ಮಾಡಿ. ಗಾಡಿಯಲ್ಲಿರುವುದು ದೊಡ್ಡಪ್ಪನ ಕಬ್ಬೇ ಆಗಿದ್ದರೂ ಮಾಡಿ. ಹೆಸರು ಕೇಳಿದರೆ ಹೇಳಿ.